ಬಚ್ಚಲ ದಾರಿಯ ಒದ್ದೆ

ಮದ್ದೂರಿನ ನಮ್ಮ ಮನೆಗೆ ನಾಯಿಮರಿ ತಂದವಳು ನಾನೇ. ನಾನು ಪಾಠ ಮಾಡುವ ಶಾಲೆಯ ಇನ್ನೊಬ್ಬ ಟೀಚರು ನಿಡಘಟ್ಟದವರು. ಅವರ ಮನೆಯ ನಾಯಿ ಐದು ಮರಿ ಹಾಕಿತ್ತು, ಒಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಜೊತೆಗಿರುವ ನಮ್ಮತ್ತೆ, ನನ್ನ ಗಂಡನ ತಾಯಿ, ಕೆರಗೋಡಿನ ಕಡೆಯವರು. ನಾಯಿ ಅಂದರೆ ಅಂಗಳದಲ್ಲಿ ಬಿದ್ದಿರಬೇಕು, ಹೊಸ್ತಿಲು ದಾಟಬಾರದು ಅನ್ನುವ ಪೈಕಿ. ನಾನು ಕೇಳಲಿಲ್ಲ. ನಾನು ಯಾರ ಮಾತು ತಾನೇ ಕೇಳಿದ್ದೇನೆ!

ಮರಿ ಚುರುಕು. ಹಾಲು ಕುಡಿದ ತಕ್ಷಣ ಎತ್ತಿಕೊಂಡು ಹೋಗಿ ಕಾಂಪೌಂಡಿನ ಮೂಲೆಯಲ್ಲಿ ಬಿಡುತ್ತಿದ್ದೆ. ಮೂರು ವಾರಕ್ಕೆಲ್ಲ ತಾನೇ ಬಾಗಿಲ ಹತ್ತಿರ ಹೋಗಿ ಕುಂಯ್ ಅನ್ನುವುದನ್ನು ಕಲಿಯಿತು. ನನ್ನ ಜಂಬ ಕೇಳಬೇಡಿ. ಆದರೆ ಸಂಜೆ ಶಾಲೆಯಿಂದ ಬಂದರೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒದ್ದೆ, ಉಚ್ಚೆಯ ನಾತ. ಅತ್ತೆ ಮಂಡಿನೋವಿನಲ್ಲೂ ಅರೆಬರೆ ಒರೆಸಿಟ್ಟಿರುತ್ತಿದ್ದರು. ಪಾಪ, ನಾಯಿಯದ್ದನ್ನು ಇವರು ಬಳಿಯಬೇಕಲ್ಲ ಎಂದು ನನ್ನ ಸಿಟ್ಟು ಇನ್ನೂ ಏರುತ್ತಿತ್ತು.

ಮರಿಯ ಕತ್ತಿನ ಪಟ್ಟಿ ಹಿಡಿದು ಎಳೆತಂದು, ಮೂಗನ್ನು ಅಲ್ಲಿಗೇ ಒತ್ತಿ, ಸುತ್ತಿದ ಪೇಪರಿನಿಂದ ಬಾರಿಸುತ್ತಿದ್ದೆ. “ತಿನ್ನಾಕೆ ಗೊತ್ತಾಯ್ತದೆ, ಆಚೆಗ್ ಓಗಾಕೆ ಗೊತ್ತಾಗಲ್ವಾ? ನಾಚ್ಕೆ ಆಗಲ್ವಾ ನಿಂಗೆ?” ಮಂಚದ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತ ಅತ್ತೆ ತಲೆ ಎತ್ತುತ್ತಿರಲಿಲ್ಲ. ಮೂಕಪ್ರಾಣಿ, ಬಿಟ್ಟುಬಿಡು ಎಂದಷ್ಟೇ ಹೇಳುತ್ತಿದ್ದರು. ಒಮ್ಮೆ ಪಕ್ಕದ ಮನೆಯಾಕೆ ನನ್ನ ಕೂಗಾಟ ಕೇಳಿ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ, ನಿಮ್ಮನೇಲಿ ನಾಯಿ ಮೇಲೋ ಎಂದು ನಕ್ಕರು. ನಾನೂ ನಕ್ಕೆ.

ಒಂದು ಬೆಳಿಗ್ಗೆ, ಬುದ್ಧಿ ಬರಲಿ ಎಂದು ಮರಿಯನ್ನು ಹಿತ್ತಲಿನಲ್ಲಿ ಕಟ್ಟಿ ಶಾಲೆಗೆ ಹೋದೆ. ಅಂದು ಅರ್ಧ ದಿನ ರಜೆ ಸಿಕ್ಕಿ ಮಧ್ಯಾಹ್ನಕ್ಕೇ ವಾಪಸು ಬಂದೆ. ಮರಿ ಕಟ್ಟಿದಲ್ಲೇ ಇತ್ತು. ಒಳಗೆ ಬಚ್ಚಲ ದಾರಿಯಲ್ಲಿ ಅತ್ತೆ ಕುಕ್ಕರಿಸಿಕೊಂಡು ಹಳೆ ಬಟ್ಟೆಯಿಂದ ನೆಲ ಒರೆಸುತ್ತಿದ್ದರು. ಉಟ್ಟ ಸೀರೆ ಹಿಂದೆಲ್ಲ ಒದ್ದೆ. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ.

“ಮರಿ ಅಲ್ಲ ಕಣವ್ವ, ನಾನೇಯ. ಬಚ್ಚಲ್ಗಂಟ ತಡ್ಕಳಾಕಾಗಕಿಲ್ಲ,” ಎಂದರು.

ನಾನು ಚೀಲ ಕೆಳಗಿಟ್ಟು ಅವರ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡೆ.

“ನೀನ್ ಬೈದಿದ್ನೆಲ್ಲ ನಂಗೇ ಅಂತ ತಕ್ಕಂಡೆ, ಬುಡು. ಏಟ್ ಮಾತ್ರ ಅದ್ಕೇ ಬಿತ್ತಲ್ಲವ್ವ.”

ಒಂದು ಮಾತು ಮುಚ್ಚಿಡಬಾರದು. ಅದು ಮರಿಯದ್ದಲ್ಲವೇನೋ ಎಂದು ನನಗೆ ಮೊದಲೇ ಅನುಮಾನವಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಒಗೆದು ಹರವಿದ ಸೀರೆಯನ್ನು ಎರಡು ಸಲ ಕಂಡಿದ್ದೆ. ಅತ್ತೆಯದ್ದೆಂದು ಒಪ್ಪಿಕೊಂಡರೆ ಆಸ್ಪತ್ರೆ, ರಜೆ, ದಿನಾ ಬಳಿಯುವ ಕೆಲಸ ಎಲ್ಲ ನನ್ನ ತಲೆಗೇ ಬರುತ್ತಿತ್ತು. ನಾಯಿಗೆ ಹೊಡೆಯುವುದು ಸುಲಭವಾಗಿತ್ತು. ಥೂ, ನನ್ನ ಜನ್ಮಕ್ಕೆ ಬೆಂಕಿ ಬೀಳ.

ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ಬಿಸಿನೀರು ಹುಯ್ದೆ, ಬೇರೆ ಸೀರೆ ಉಡಿಸಿದೆ. ಮಗನಿಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು. ಅಷ್ಟು ಹಿರಿಯ ಜೀವ ನನ್ನೆದುರು ಹಾಗೆ ಬೇಡಿಕೊಳ್ಳುವಂತೆ ಮಾಡಿದವಳು ನಾನು. ಹೇಳುವುದಿಲ್ಲ ಎಂದೆ.

ಆಮೇಲೆ ಮರಿಯನ್ನು ಬಿಚ್ಚಲು ಹಿತ್ತಲಿಗೆ ಹೋದೆ. ತಲೆ ಸವರೋಣವೆಂದು ಬಗ್ಗಿ ಕೈ ಚಾಚಿದೆ. ನನ್ನ ಕೈ ಕಂಡದ್ದೇ ಅದು ನೆಲಕ್ಕೆ ಮುದುಡಿ, ಕಣ್ಣು ಮುಚ್ಚಿ, ಕೂತಲ್ಲೇ ಉಚ್ಚೆ ಹುಯ್ದುಕೊಂಡಿತು.