ಪಕೀರಬ್ಬ ಆರಿಸಿದ ಮುಕ್ಕಾಲಿ

ಪಕೀರಬ್ಬನ ವೀಸಾದಲ್ಲಿ ಕೂಲಿಯಾಳು ಎಂದು ಬರೆದಿತ್ತು. ಅವನು ನಿಜವಾಗಿ ಮಾಡುತ್ತಿದ್ದ ಕೆಲಸಕ್ಕೆ ಯಾವ ಕಚೇರಿಯ ಪಟ್ಟಿಯಲ್ಲೂ ಹೆಸರಿರಲಿಲ್ಲ. ಹದಿಮೂರು ಚಳಿಗಾಲ ಅವನು ಬಂದೂಕಿಗೆ ಹೆಗಲು ಕೊಟ್ಟಿದ್ದ. ಅವನಿಗೆ ವೀಸಾ ಕೊಟ್ಟ ಕಫೀಲ ಬೂ ಘಾನಿಮ್, ಪರದೇಶದ ಬೇಟೆಗೆ ಹೊರಡುವ ಮುಂಚೆ ಕತಾರಿನ ಮರಳಿನಲ್ಲಿ ಡೇರೆ ಹಾಕಿ ಗುರಿ ಅಭ್ಯಾಸ ಮಾಡುತ್ತಿದ್ದ. ಆಗ ಮುಂದೆ ಪಕೀರಬ್ಬ ಒಂದು ಮೊಣಕಾಲೂರಿ ಕೂರಬೇಕು. ಹಿಂದಿನಿಂದ ಬಂದೂಕು ಅವನ ಬಲಹೆಗಲ ಮೇಲೆ ಬಂದು ಕೂರುತ್ತಿತ್ತು. "ನಫಸ್" ಎಂದು ಅರ್ಬಾಬ, ಅಂದರೆ ಆ ಧಣಿ, ಪಿಸುಗುಟ್ಟಿದೊಡನೆ ಉಸಿರು ಬಿಗಿಹಿಡಿಯಬೇಕು. ಆ ಮಾತಿಗೆ ಉಸಿರು ಎಂದೇ ಅರ್ಥ.

ಅರ್ಬಾಬನ ಎತ್ತರಕ್ಕೆ ಹೇಳಿ ಮಾಡಿಸಿದಂಥ ಹೆಗಲು ಅವನದು. ಬೇರೆಯವರು ಸಿಡಿತಕ್ಕೆ ಬೆಚ್ಚಿಬೀಳುತ್ತಿದ್ದರು, ಪಕೀರಬ್ಬ ಬೆಚ್ಚುತ್ತಿರಲಿಲ್ಲ. ಬಂದ ಅತಿಥಿಗಳು ಅವನ ಬೆನ್ನು ತಟ್ಟಿ, "ಕಲ್ಲು, ಕಲ್ಲು" ಎಂದು ಅರಬಿಯಲ್ಲಿ ಹೊಗಳುವಾಗ ಅವನಿಗೆ ಒಳಗೊಳಗೇ ಹೆಮ್ಮೆ. ಎಂಥ ಹೆಮ್ಮೆಯೋ! ಎಂಟನೆಯ ಚಳಿಗಾಲಕ್ಕೆ ಬಲಗಿವಿ ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಬಂದೂಕು ಇಟ್ಟವನಿಗಾದರೂ ತಿಳಿಯದೆ ಹೋಯಿತೇ ಎಂದು ನೀವು ಕೇಳಬಹುದು. ಸಾಮಾನು ಇಡುವ ಮೇಜಿನ ಸುಖದುಃಖ ಯಾರಾದರೂ ವಿಚಾರಿಸುತ್ತಾರೆಯೇ?

ತಿಳಿದದ್ದು ಹೆಂಡತಿ ಕುಲ್ಸುಂಗೆ ಮಾತ್ರ. ದೋಹಾ ಪಕ್ಕದ ಅಲ್ ವಕ್ರಾದ ಎರಡು ಕೋಣೆಯ ಮನೆಯಲ್ಲಿ ಬಲದಿಂದ ಕರೆದರೆ ಗಂಡ ತಿರುಗುವುದಿಲ್ಲ ಎಂದು ಗೊತ್ತಾದ ದಿನದಿಂದ ಅವಳು ಊಟಕ್ಕೆ ಅವನ ಎಡಕ್ಕೇ ಕೂರತೊಡಗಿದಳು. ಮಗಳು ಸಾಲಿಹಾಳಿಗೂ ಅದನ್ನೇ ರೂಢಿ ಮಾಡಿಸಿದಳು. ಇದರ ಬಗ್ಗೆ ಆ ಮನೆಯಲ್ಲಿ ಮಾತೇ ಆಗಿರಲಿಲ್ಲ.

2006ರ ಬೇಸಗೆಯಲ್ಲಿ ಬೂ ಘಾನಿಮ್ ಪರದೇಶಕ್ಕೆ ಹೋಗಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅಲ್ಲಿಂದ ಹಾಗೆಯೇ ಟಾಂಜಾನಿಯಾದ ಬೇಟೆಗೂ ಹೋಗಿ ಬಂದ. ಬಂದವನೇ ಪಕೀರಬ್ಬನನ್ನು ಕರೆದು ಒಂದು ಫೋಟೊ ತೋರಿಸಿದ. ಮೂರು ಉದ್ದನೆಯ ಕಾಲು, ಮೇಲೆ ಕವಣೆಯ ಕವಲಿನಂಥ ತಲೆ, ಅದರಲ್ಲಿ ಒರಗಿದ ಬಂದೂಕು.

"ಇಂಥದ್ದೊಂದು ತಗೊಂಡು ಬಾ. ನನ್ನ ಎತ್ತರ ನಿನಗೆ ಗೊತ್ತಲ್ಲ. ಯಲ್ಲಾ, ಹೊರಡು," ಎಂದ ಬೂ ಘಾನಿಮ್. ಯಾಕೆ ಏನು ಎಂದು ಕೆಲಸದವನಿಗೆ ವಿವರಿಸುವ ಪೈಕಿಯ ಮನುಷ್ಯ ಅವನಲ್ಲ.

ಪಕೀರಬ್ಬನಿಗೆ ಅಬ್ಬಾಸನ ನೆನಪಾಯಿತು. ಅಬ್ಬಾಸ್ ಅದೇ ಡೇರೆಯ ದಾರಿಗಾರ, ಗುರುತಿಲ್ಲದ ಮರಳಿನಲ್ಲಿ ಗಾಡಿಗಳನ್ನು ಹತ್ತು ವರ್ಷ ನಡೆಸಿದವನು. ಎರಡು ವರ್ಷದ ಹಿಂದೆ ದಾರಿ ತೋರಿಸುವ ಯಂತ್ರ ಬಂತು. ಅದನ್ನು ಅಂಗಡಿಯಿಂದ ಹೊತ್ತು ತಂದವನೂ ಅಬ್ಬಾಸನೇ. ತಿಂಗಳೊಳಗೆ ಅವನ ವೀಸಾ ಕ್ಯಾನ್ಸಲ್ ಆಯಿತು.

"ಯಂತ್ರ ಬಂದ್ರೆ ಮನುಷ್ಯ ಖಲಾಸ್. ನಮ್ಮದೂ ಆಯ್ತು ಕುಲ್ಸುಂ," ಎಂದ ಪಕೀರಬ್ಬ ಮನೆಯಲ್ಲಿ.

"ಅರ್ಬಾಬನ ಹತ್ರ ಒಮ್ಮೆ ಕೇಳಿ ನೋಡಿ. ಬಾಯಿಬಿಟ್ಟು ಕೇಳಿದ್ರೆ ಎಂತ ಹೋಗ್ತದೆ?"

"ಕೇಳಿದ್ರೆ ಇವತ್ತೇ ಹೋಗು ಅಂತ ಹೇಳ್ತಾರೆ. ಕೇಳದಿದ್ರೆ ಒಂದು ಚಳಿಗಾಲ ಆದ್ರೂ ಸಿಗ್ತದೆ. ಸಾಲಿಹಾಳದ್ದು ಏಳನೇ ಕ್ಲಾಸು. ಊರಿನ ಶಾಲೆಗೆ ಹಾಕಿದ್ರೆ ಅವಳಿಗೆ ಕನ್ನಡ ಓದ್ಲಿಕ್ಕೂ ಬರುದಿಲ್ಲ."

ಕುಲ್ಸುಂ ಸಾಲಿಹಾಳ ಯೂನಿಫಾರ್ಮು ಇಸ್ತ್ರಿ ಮಾಡಲು ಎದ್ದಳು.

ದೋಹಾದ ಮದೀನತ್ ಖಲೀಫಾದ ಬೇಟೆ ಸಾಮಾನಿನ ಅಂಗಡಿಯಲ್ಲಿ ಇದ್ದವನು ಇರ್ಷಾದ್, ಊರಿನ ಕಡೆಯವನೇ. ಮೂರು ಬಗೆಯ ಮುಕ್ಕಾಲಿ ತೆಗೆದು ಮುಂದಿಟ್ಟ. ಒಂದು ಮರದ್ದು, ತಲೆಯ ಹತ್ತಿರ ಚರ್ಮದಿಂದ ಕಟ್ಟಿದ್ದು. ಒಂದು ಅಲ್ಯೂಮಿನಿಯಂ. ಇನ್ನೊಂದು ಕಪ್ಪು ಕಾರ್ಬನ್ನಿನದು.

ಪಕೀರಬ್ಬ ಒಂದೊಂದನ್ನೂ ಮುಟ್ಟಿ ನೋಡಿದ. ಬಂದೂಕಿಗೆ ಏನು ಬೇಕು ಎಂದು ಅವನಷ್ಟು ಬಲ್ಲವರು ದೋಹಾದಲ್ಲಿ ಇನ್ನಾರಿದ್ದರು? ಹದಿಮೂರು ವರ್ಷ ಅವನೇ ಅದಾಗಿದ್ದ. ಮರದ್ದರ ಪಕ್ಕ ಮೊಣಕಾಲೂರಿ ಕೂತ, ಕವಲು ಹೆಗಲಿಗಿಂತ ನಾಲ್ಕು ಬೆರಳು ಮೇಲಿತ್ತು, ಇಳಿಸುವ ಹಾಗಿರಲಿಲ್ಲ. ಅಲ್ಯೂಮಿನಿಯಮ್ಮಿನ ಕಾಲು ತಟ್ಟಿದ, ಟಣ್ ಎಂದಿತು. ಜಿಂಕೆ ಓಡಲು ಅಷ್ಟು ಸಾಕು. ಅದರ ಪಾದಗಳೋ ಮೊಳೆಯಂತೆ ಚೂಪು. ಕಪ್ಪನೆಯದರ ಪಾದ ಒಂಟೆಯ ಗೊರಸಿನಂತೆ ಅಗಲ. ಕಾಲಿನ ಬೀಗ ತಿರುಪಿನದಲ್ಲ, ಪಟ್ಟನೆ ಒತ್ತುವಂಥದ್ದು, ಮರಳು ಹೊಕ್ಕರೂ ಕಚ್ಚಿಕೊಳ್ಳದು. ಕವಲಿನ ಒಳಗೆ ಮೆತ್ತನೆಯ ರಬ್ಬರು. ಅವನು ಒಂದು ಕಾಲು ಮುಂದಕ್ಕೆ, ಎರಡು ಹಿಂದಕ್ಕೆ ಚಾಚಿ ನಿಲ್ಲಿಸಿ, ತಲೆಯ ಮೇಲೆ ಎರಡೂ ಕೈ ಊರಿ ಭಾರ ಬಿಟ್ಟ. ಕೂದಲೆಳೆಯಷ್ಟೂ ಅಲುಗಲಿಲ್ಲ. ಅದಕ್ಕೆ ಉಸಿರು ಹಿಡಿ ಎಂದು ಹೇಳಬೇಕಾದ್ದೇ ಇರಲಿಲ್ಲ. ಪಕೀರಬ್ಬನಿಗೆ ಅದರ ಮೇಲೆ ದ್ವೇಷ ಹುಟ್ಟಿತು.

"ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಪಕೀರಾಕ," ಎಂದ ಇರ್ಷಾದ್. "ನಿಮ್ಮ ಅರ್ಬಾಬ್ ಹೊಸ ಬಂದೂಕು ಕೊಂಡು ಹೋಗಿದ್ದಾರೆ, ನೋಡಿದ್ರಾ? ನಳಿಗೆ ತುದಿಯಲ್ಲಿ ತೂತು ತೂತು ಉಂಟು. ಹೊಡೆದವನಿಗೆ ಪೆಟ್ಟು ಕಮ್ಮಿ, ಆದರೆ ಶಬ್ದ ಎಲ್ಲ ಪಕ್ಕಕ್ಕೆ ಬರ್ತದೆ. ಅದರ ಹತ್ರ ಜನ ನಿಲ್ಲಬಾರ್ದು ಮಾರಾಯ್ರೆ, ಕಿವಿ ಹೋಗ್ತದೆ."

"ಅಲ್ಯೂಮಿನಿಯಮ್ಮಿಂದು ಕೊಡು," ಎಂದ ಪಕೀರಬ್ಬ.

"ಅದು ಕಲ್ಲು ನೆಲಕ್ಕೆ! ಮರಳಲ್ಲಿ ಹೂತು ಹೋಗ್ತದೆ."

"ಅರ್ಬಾಬ್ ಹೇಳಿದ್ದು ಅದೇ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವನ ಮುಖ ಕೆಂಪಾಯಿತು. ಇರ್ಷಾದ್ ಅದನ್ನು ಗಮನಿಸಿದನೋ ಇಲ್ಲವೋ, ಮುಕ್ಕಾಲಿಯನ್ನು ಚೀಲಕ್ಕೆ ತುಂಬಿಕೊಟ್ಟ.

ಡಿಸೆಂಬರಿನಲ್ಲಿ ಡೇರೆ ಎದ್ದಿತು. ಮೊದಲ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ಬಳಿಕ ಐದಾರು ಅತಿಥಿಗಳು ಕಂಬಳಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಇನ್ನೂರು ಗಜ ದೂರದ ದಿಬ್ಬಕ್ಕೆ ಬಿಳಿ ತಗಡು ಊರಿದ್ದರು. ಪಕೀರಬ್ಬ ಮುಕ್ಕಾಲಿಯನ್ನು ಮೋಸವಿಲ್ಲದೆ ನಿಲ್ಲಿಸಿದ. ಮೋಸ ಅಂಗಡಿಯಲ್ಲೇ ಮುಗಿದಿತ್ತು. ಬೂ ಘಾನಿಮ್ ಮೈಭಾರ ಬಿಟ್ಟೊಡನೆ ಮುಂಗಾಲು ಮರಳಿಗಿಳಿಯಿತು, ಗುಂಡು ಮಣ್ಣಿಗೆ ಹೋಯಿತು. ಎರಡನೆಯದೂ ಅಷ್ಟೇ. ಮೂರನೆಯ ಸಲ ಮುಕ್ಕಾಲಿ ಪಕ್ಕಕ್ಕೆ ವಾಲಿ ಅರ್ಬಾಬ ಮುಗ್ಗರಿಸಿದ. ಕಂಬಳಿಯ ಮೇಲೆ ಯಾರೋ ಕಿಸಕ್ಕೆಂದರು. ಬೂ ಘಾನಿಮ್ ಅದನ್ನು ಎತ್ತಿ ಅತ್ತ ಎಸೆದ.

ಪಕೀರಬ್ಬ ಕಾಯುತ್ತಿದ್ದದ್ದೇ ಈ ಗಳಿಗೆಗೆ. ಜೇಬಿನಿಂದ ಹತ್ತಿ ತೆಗೆದು, ಹಳೆಯ ರೂಢಿಯಂತೆ ಸತ್ತ ಬಲಗಿವಿಗೆ ತುರುಕಿ, ಮುಂದೆ ಬಂದು ಮೊಣಕಾಲೂರಿದ.

"ಲಾ, ಲಾ. ಬೇಡ, ಎದ್ದೇಳು," ಎಂದ ಬೂ ಘಾನಿಮ್.

"ನಾನಿದ್ದೇನೆ ಅರ್ಬಾಬ್. ಅದು ಕಬ್ಬಿಣ, ಅದಕ್ಕೆ ಎಂತ ಗೊತ್ತು?"

ಬೂ ಘಾನಿಮ್ ಕಂಬಳಿಯ ಕಡೆ ತಿರುಗಿದ. ಅತಿಥಿಗಳು ನೋಡುತ್ತಿದ್ದರು. ಕೊನೆಗೆ ಬಂದೂಕು ಎತ್ತಿದ. ಅದು ಬಂದು ಕೂತದ್ದು ಎಡಹೆಗಲ ಮೇಲೆ.

ಶಸ್ತ್ರಚಿಕಿತ್ಸೆಯ ಬಳಿಕವೂ ಬಲಗಣ್ಣು ಮಂಜಾಗಿಯೇ ಉಳಿದವನು ಎಡಗಣ್ಣಿಂದ ತಾನೆ ಗುರಿ ನೋಡಬೇಕು? ಎಡಗಣ್ಣಾದರೆ ಎಡಹೆಗಲು. ಇಷ್ಟು ಸಣ್ಣ ಲೆಕ್ಕ ಆರು ತಿಂಗಳಲ್ಲಿ ಪಕೀರಬ್ಬನಿಗೆ ಹೊಳೆದಿರಲಿಲ್ಲ. ಹತ್ತಿಯನ್ನು ಎಡಗಿವಿಗೆ ಬದಲಿಸೋಣವೆಂದರೆ, ಆಮೇಲೆ ಅರ್ಬಾಬನ ಪಿಸುಮಾತು ಕೇಳುವುದು ಯಾವುದರಿಂದ? ಕಿವುಡು ಎಂದು ಅಲ್ಲೇ ಗೊತ್ತಾಗುತ್ತದೆ. ಏಳೋಣವೆಂದರೆ, ತಾನಾಗಿ ಬಂದು ಕೂತವನು ಏನು ಹೇಳಿ ಏಳಬೇಕು? ಕಣ್ಣಂಚಿನಲ್ಲಿ ನಳಿಗೆಯ ತೂತುಗಳು ಕಾಣುತ್ತಿದ್ದವು. ಇರ್ಷಾದ್ ಹೇಳಿದ್ದು ಒಂದಕ್ಷರ ಬಿಡದೆ ನೆನಪಾಯಿತು. ಏಳು ಮಾರಾಯ, ಎದ್ದುಬಿಡು ಎಂದು ನಮಗೆ ಈಗ ಅನ್ನಿಸುತ್ತದೆ. ಅವನು ಸಾಲಿಹಾಳ ಶಾಲೆಯನ್ನು ನೆನೆದು, ಎಡಗಿವಿಯನ್ನು ತೆರೆದಿಟ್ಟುಕೊಂಡೇ ಕೂತ.

"ನಫಸ್."

ಪಕೀರಬ್ಬ ಉಸಿರು ಹಿಡಿದ. ಅವನು ಬದುಕಿನಲ್ಲಿ ಕೇಳಿದ ಕೊನೆಯ ಮಾತು ಅದು.

ತಗಡು ಉರುಳಿದ್ದನ್ನು ಅವನು ಕಂಡ, ಅತಿಥಿಗಳು ಚಪ್ಪಾಳೆ ತಟ್ಟುವುದನ್ನೂ ಕಂಡ. ಎರಡನೆಯ ಗುಂಡಿಗೆ ಅವನು ಉಸಿರು ಹಿಡಿಯಲಿಲ್ಲ, ಗುರಿ ತಪ್ಪಿತು. ಬೂ ಘಾನಿಮ್ ಬಗ್ಗಿ ಏನೋ ಹೇಳಿದ, ಮತ್ತೆ ಹೇಳಿದ, ಆಮೇಲೆ ಅವನ ಭುಜ ಹಿಡಿದು ತಿರುಗಿಸಿದ. ಪಕೀರಬ್ಬ ನಗುತ್ತಾ ತಲೆಯಾಡಿಸಿದ. ಎಡಗಿವಿಯಿಂದ ಇಳಿದ ರಕ್ತ ಕಾಲರಿಗೆ ಮುಟ್ಟಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದವನು ಬೂ ಘಾನಿಮನೇ. ಅತಿಥಿಗಳನ್ನು ಅಲ್ಲೇ ಬಿಟ್ಟು, ತಾನೇ ಗಾಡಿ ಓಡಿಸಿಕೊಂಡು ಹೋದ. ಬಲಗಿವಿ ಹಳೆಯ ಕೇಸು, ಎಡದ್ದರ ನರ ಹೋಗಿದೆ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಹಳೆಯ ಕೇಸು ಎಂದದ್ದಕ್ಕೆ ಬೂ ಘಾನಿಮ್ ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ಮುಖ ಮುಚ್ಚಿಕೊಂಡು ಕೂತಿದ್ದನಂತೆ. ಆ ಮನುಷ್ಯ ಕೆಟ್ಟವನೆಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಹದಿಮೂರು ವರ್ಷ ತಡವಾಗಿ ಅಳುವ ಒಳ್ಳೆಯತನವೂ ಒಂದು ಇರುತ್ತದೆ.

ಹದಿನೈದು ದಿನ ಬಿಟ್ಟು ಯಜ್ಞೇಶ್ ಮನೆಗೆ ಬಂದ. ಬೂ ಘಾನಿಮನ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ತುಳುವ ಹುಡುಗ ಅವನು. ಹಜಾರದಲ್ಲಿ ಪಕೀರಬ್ಬನ ಎದುರೇ ಕೂತು, ಕುಲ್ಸುಂ ಜೊತೆ ಮಾತಾಡಿದ.

"ಟಾಂಜಾನಿಯಾದಲ್ಲಿ ಬೇಟೆಗೆ ಕರ್ಕೊಂಡು ಹೋಗುವವ ಬಾಸಿಗೆ ಬೈದನಂತೆ, ಅಲ್ಲಿಯ ಆಳನ್ನು ಹೀಗೇ ಕೂರಿಸಿದ್ದಕ್ಕೆ. ಮನುಷ್ಯನ ಮೇಲೆ ಬಂದೂಕು ಇಡ್ತೀರಾ ಅಂತ. ಬಾಸಿಗೆ ಭಾರಿ ನಾಚಿಕೆ ಆಗಿತ್ತು. ಟ್ರೈಪಾಡ್ ಬಂದ ಮೇಲೆ ಪಕೀರಬ್ಬನನ್ನು ಅತಿಥಿಗಳು ಕೂರುವ ಮಜ್ಲಿಸಿನ ಚಾ-ಕಾಫಿಗೆ ಹಾಕು, ಫ್ಯಾಮಿಲಿ ವೀಸಾ ಹಾಗೇ ಇರ್ಲಿ ಅಂತ ನನ್ನತ್ರ ಹೇಳಿದ್ರು. ಪೇಪರ್ ಸೆಪ್ಟೆಂಬರಲ್ಲೇ ರೆಡಿ ಮಾಡಿದ್ದೆ ಅಕ್ಕಾ, ನಾನೇ ಟೈಪ್ ಮಾಡಿದ್ದು." ಅವನು ಕೈಯಲ್ಲಿದ್ದ ಫೈಲು ಮುಚ್ಚಿದ. "ಇನ್ನು ಕರೆದ್ರೆ ಕೇಳದವರನ್ನು ಮಜ್ಲಿಸಿಗೆ ಹಾಕುದು ಹೇಗೆ? ಬಾಸು ಟಿಕೆಟ್ ಮಾಡ್ಲಿಕ್ಕೆ ಹೇಳಿದ್ದಾರೆ. ಮೂರು ಜನಕ್ಕೆ."

ಕುಲ್ಸುಂ ಅವನಿಗೆ ಚಹಾ ಕೊಟ್ಟು ಬಾಗಿಲವರೆಗೆ ಕಳಿಸಿ ಬಂದಳು. ಪಕೀರಬ್ಬ ಮೊದಲೇ ಎಲ್ಲ ತಿಳಿದವನಂತೆ ಕೂತಿದ್ದ.

"ನಾನು ಹೇಳ್ಲಿಲ್ವಾ?" ಎಂದ. ತನ್ನ ದನಿ ತನಗೆ ಕೇಳದ್ದರಿಂದ ಅದು ಬೀದಿಗೆ ಕೇಳುವಷ್ಟು ಜೋರಾಗಿತ್ತು. "ಆ ಟ್ರೈಪಾಡ್ ತರ್ಲಿಕ್ಕೆ ಹೇಳಿದ ದಿನವೇ ನಮ್ಮನ್ನು ಕಳಿಸುವ ಯೋಚನೆ ಮಾಡಿದ್ರು. ಯಜ್ಞೇಶ್ ಅದನ್ನೇ ಹೇಳಿದ್ದಲ್ವಾ?"

ಸಾಲಿಹಾಳ ನೋಟ್‌ಬುಕ್ಕೂ ಪೆನ್ಸಿಲ್ಲೂ ಕೈಗೆಟಕುವಲ್ಲೇ ಇದ್ದವು. ಕುಲ್ಸುಂ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದವಳು, ಬರೆಯಬಲ್ಲಳು. ಅವಳು ಪೆನ್ಸಿಲನ್ನು ಕೈಗೆ ತೆಗೆದುಕೊಂಡಳು, ಗಂಡನ ಮುಖ ನೋಡಿದಳು, ಮತ್ತೆ ಅದನ್ನು ಅಲ್ಲೇ ಇಟ್ಟಳು. ಹೌದು ಎಂದು ತಲೆಯಾಡಿಸಿದಳು.

ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಬಂದವಳು ಎಂದಿನಂತೆ ಅವನ ಎಡಕ್ಕೆ ಕೂರಲು ಬಗ್ಗಿದಳು. ಅರ್ಧಕ್ಕೇ ನಿಂತು, ಆಮೇಲೆ ಅಲ್ಲೇ ಕೂತಳು.