ಕೊನೆಯ ಬಸ್ಸಿನ ಹೊತ್ತು ನೋಡಿ ಬರೆಯುವ ಸುಂಕಮ್ಮ

ಬೆಳಗಿನ ಆರು. ಮಾಗಳದಾಚೆಯ ಹೊಳೆದಂಡೆಯ ಹಳ್ಳಿಯಲ್ಲಿ ಬಸ್ಸು ನಿಲ್ಲುತ್ತಿದ್ದಂತೆ ಸುಂಕಮ್ಮ ಮೊದಲು ಗಡಿಯಾರ ನೋಡುತ್ತಾರೆ, ಆಮೇಲೆ ಹತ್ತುತ್ತಾರೆ. ಕಂಕುಳಲ್ಲಿ ಮಾಸಿದ ರಿಜಿಸ್ಟರು. ಇಂದು ಜೊತೆಗೆ ಇದೇ ಊರಿನ ಪಂಪಮ್ಮ, ಅವರ ಮಗ ಬೀರಲಿಂಗೇಶ್.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮನಸ್ಸಿನ ಕಾಯಿಲೆಗೆ ವೈದ್ಯರು ಎಲ್ಲಿ ಸಿಗುತ್ತಾರೆ, ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಪಟ್ಟಿ ಮಾಡುವುದು ನಲವತ್ತೆಂಟರ ಸುಂಕಮ್ಮನ ಗುತ್ತಿಗೆ ಕೆಲಸ. ಹನ್ನೊಂದು ತಿಂಗಳಲ್ಲಿ ನೂರಾ ಹನ್ನೆರಡು ಹಳ್ಳಿ ಸುತ್ತಿದ್ದಾರೆ. ಕೆಲವೂರಲ್ಲಿ ‘ಹುಚ್ಚರ ಲೆಕ್ಕದಾಕಿ’ ಎಂದು ನಗುತ್ತಾರೆ. ನಗಲಿ ಬಿಡಿ, ಇವರಿಗೇನು!

ಶುರುವಿನಲ್ಲಿ ಇವರೂ ಎಡವಿದ್ದರು. ಫೋನಿನಲ್ಲೇ ವಿಚಾರಿಸಿ ನಲವತ್ತೊಂದು ಹಳ್ಳಿಗಳ ಮುಂದೆ ‘ಇದೆ’ ಎಂದು ಬರೆದುಬಿಟ್ಟಿದ್ದರು. ಅದರಲ್ಲಿ ತಮ್ಮೂರೂ ಇದೆಯೆಂದು ಕೇಳಿದ ಪಂಪಮ್ಮ ಮಗನನ್ನು ತೋರಿಸಿದರು. ಯಾರೂ ಆಡದ ಮಾತು ಕಿವಿಗೆ ಬಿದ್ದು ನಿದ್ದೆಗೆಟ್ಟ ಹುಡುಗ; ಮಾತ್ರೆ ನಿಂತು ನಾಲ್ಕು ತಿಂಗಳಾಗಿತ್ತು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಕೂರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಂದ ಊರಿಗೆ ಕೊನೆಯ ಬಸ್ಸು ಎರಡೂವರೆಗೆ.

ಸುಂಕಮ್ಮ ನಲವತ್ತೊಂದನ್ನೂ ಹೊಡೆದುಹಾಕಿ ಬಸ್ಸು ಹತ್ತಿದರು. “ರೋಗಿ ಹೋಗಿ, ತೋರಿಸ್ಕೊಂಡು, ತಿರುಗಿ ಮನಿ ಮುಟ್ಟಬೇಕ್ರಿ. ಅಂದ್ರನ ಐತಿ ಅಂತ ಬರೀತೀನಿ,” ಎನ್ನುತ್ತಾರೆ.

ಮೇಲಧಿಕಾರಿಗೆ ಸಿಟ್ಟು ಬಂತು. ವೈದ್ಯರಿದ್ದಾರಲ್ಲ, ಇದೆ ಎಂದು ಬರೆಯಿರಿ, ಇಲ್ಲವೇ ಕೆಲಸ ಬಿಡಿ ಎಂದರು. ಸುಂಕಮ್ಮ ಜಗ್ಗಲಿಲ್ಲ, ಒಂದು ದಿನ ನನ್ನ ಜೊತೆ ಬಸ್ಸಿನಲ್ಲಿ ಬನ್ನಿ ಎಂದರು. ಸಾಹೇಬರು ಬಂದರು. ವೈದ್ಯರ ಬಾಗಿಲು ತೆರೆಯುವ ಹೊತ್ತಿಗೆ ಊರಿನ ಬಸ್ಸು ಹೋಗಿಯಾಗಿತ್ತು. ಬಾಡಿಗೆ ಗಾಡಿಗಾಗಿ ಬಿಸಿಲಲ್ಲಿ ಒಂದು ತಾಸು ನಿಂತವರು ಸುಂಕಮ್ಮನ ಪಟ್ಟಿಯನ್ನು ಇದ್ದಂತೆಯೇ ಮೇಲಕ್ಕೆ ಕಳಿಸಿದರು.

ಈಗ ಆ ಕೇಂದ್ರದ ವೈದ್ಯರು ಸಂತೆಯ ದಿನ ಬೆಳಿಗ್ಗೆಯೇ ಕೂರಬೇಕೆಂದು ಆದೇಶವಾಗಿದೆ. ದಿನ ಸೂಚಿಸಿದ್ದೂ ಸುಂಕಮ್ಮನೇ. ಕೈಯಲ್ಲಿ ಸಂತೆ ಚೀಲವಿದ್ದರೆ ಎಲ್ಲಿಗೆ ಹೊರಟಿರಿ ಎಂದು ಯಾರೂ ಕೆದಕುವುದಿಲ್ಲ. ಇವತ್ತೇ ಮೊದಲ ಸಂತೆ. ಬಾಗಿಲು ತೆರೆದಿದೆ, ವೈದ್ಯರಿದ್ದಾರೆ, ಮೂವತ್ತೇಳು ಮಂದಿ ಚೀಲ ಹಿಡಿದು ಸರದಿಯಲ್ಲಿ ನಿಂತಿದ್ದಾರೆ. ಎಣಿಸುತ್ತ ಸುಂಕಮ್ಮನಿಗೆ ಹಿಗ್ಗೋ ಹಿಗ್ಗು. ಆದರೂ ರಿಜಿಸ್ಟರು ಬಿಚ್ಚುವುದಿಲ್ಲ.

ಎರಡೂವರೆಯ ಬಸ್ಸಿನಲ್ಲಿ ಅವರೂ ತಾಯಿಮಗನ ಜೊತೆ ಮರಳುತ್ತಾರೆ. ಪಂಪಮ್ಮನ ಚೀಲದಲ್ಲಿ ಹಸಿಮೆಣಸಿನಕಾಯಿ, ಅದರಡಿ ತಿಂಗಳ ಮಾತ್ರೆ. ಸುತ್ತಬೇಕಾದ ಊರು ಇನ್ನೂ ಹದಿನೆಂಟು ಉಳಿದಿವೆ, ಅವಕ್ಕೂ ಇಂಥ ಒಂದು ಸಂತೆ ಸಿಕ್ಕರೆ ಸಾಕು ಎನ್ನುತ್ತಾರೆ ಸುಂಕಮ್ಮ.

ಬೀರಲಿಂಗೇಶ್ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾನೆ. ಪಂಪಮ್ಮ ಹೊಸ್ತಿಲಲ್ಲೇ ನಿಂತು ಸುಂಕಮ್ಮನ ಕಡೆ ತಿರುಗುತ್ತಾರೆ.

“ಮನಿ ಮುಟ್ಟೀವಿ ನೋಡವ್ವ. ಈಗ ಬರಕೋ, ಐತಿ ಅಂತ.”