ಹಪ್ಪಳ ಕಾಯ್ದ ಜಪಾನಿನ ಗಿಡುಗ

ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಾಗ, ಮಧ್ಯಾಹ್ನದ ನಿದ್ದೆಯಿಂದೆದ್ದು ಅಂಗಳಕ್ಕೆ ಬಂದವಳು ಹೌಹಾರಿದೆ. ಮರುದಿನದ ಮದುವೆಗೆ ಹಾಕಿಕೊಳ್ಳಲೆಂದು ಆಸೆಯಿಂದ ತಂದಿದ್ದ ನನ್ನ ಹೊಸ ಕುರ್ತಾ, ಕೋಲಿಗೆ ಕಟ್ಟಿದ ಅಡ್ಡಕೋಲಿನ ಮೇಲೆ ತೋಳು ಚಾಚಿ ಬಿಸಿಲಲ್ಲಿ ನಿಂತಿತ್ತು! ಅದರ ಬೆನ್ನ ತುಂಬಾ ಹಳೆಯ ಜಪಾನಿ ಚಿತ್ರವೊಂದರ ಅಚ್ಚು. ಚೆರಿ ಹೂವಿನ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕುಳಿತ ಗಿಡುಗ. ಅದರ ಕೆಳಗೆ, ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು.

“ದೊಡ್ಡಮ್ಮಾ, ಇದೆಂತ ಮಾಡಿದ್ದ್ ನೀವ್?” ಎಂದು ಕೂಗಿದೆ.

ಹಾಲಾಡಿಯ ನನ್ನ ದೊಡ್ಡಮ್ಮ ಜಗಲಿಯಲ್ಲಿ ನೆಮ್ಮದಿಯಾಗಿ ಎಲೆಯಡಿಕೆ ಹಾಕುತ್ತಿದ್ದರು. “ಬೊಬ್ಬೆ ಹೊಡಿಬೇಡ ಮಗಾ. ಕಪ್ಪ್ ಕೊಡೆ ಬಿಡ್ಸಿ ಇಟ್ರೆ ಈಗಿನ್ ಕಾಕಿ ಹೆದ್ರುದಿಲ್ಲೆ. ನಿನ್ ಗಿಡ್ಗನ್ ಕಂಡ್ ಒಂದೂ ಕೆಳ್ಗ್ ಇಳಿಲಿಲ್ಲೆ, ಕಾಣ್!”

ತಲೆಯೆತ್ತಿ ನೋಡಿದರೆ ನಿಜ. ಕಾಗೆಗಳೆಲ್ಲ ತೆಂಗಿನ ಗರಿಯ ಮೇಲೆ ಸಾಲಾಗಿ ಕುಳಿತು ಕುರ್ತಾವನ್ನೇ ದಿಟ್ಟಿಸುತ್ತಿದ್ದವು. ಸಿಟ್ಟು ಬರುವ ಮೊದಲೇ ನನಗೆ ನಗು ಬಂತು. ಕುರ್ತಾ ಬಿಚ್ಚಿ ತರಲು ಕೋಲಿನ ಹತ್ತಿರ ಹೋದವಳು, ಗಿಡುಗನ ಮುಖವನ್ನು ತೆಂಗಿನ ಮರದ ಕಡೆಗೆ ಇನ್ನಷ್ಟು ಸರಿಯಾಗಿ ತಿರುಗಿಸಿ ಬಂದೆ. ಮರುದಿನ ಮದುವೆಗೂ ಅದನ್ನೇ ಹಾಕಿಕೊಂಡು ಹೋದೆ. ಚೆರಿ ಹೂಗಳ ಬಣ್ಣ ಒಂಚೂರು ಮಾಸಿತ್ತು, ಅಷ್ಟೇ.

ಈ ಬೇಸಿಗೆಯಲ್ಲಿ ದೊಡ್ಡಮ್ಮನ ಫೋನ್ ಬಂತು. ಹಪ್ಪಳ ಮಾಡಲು ಕರೆದರು. ಕೆಲಸದ ಗಡಿಬಿಡಿ, ಬೈಂದೂರಿನಿಂದ ಈ ಸಲ ಬರಲಾಗುವುದಿಲ್ಲ ಎಂದೆ. “ಅಡ್ಡಿಲ್ಲೆ ಮಗಾ, ನೀ ಬರ್ದಿದ್ರೂ ಆತ್. ಗಿಡ್ಗನ್ ಮಾತ್ರ ಬಸ್ಸಿಗ್ ಹಾಕಿ ಕಳ್ಸ್!”